ಮಾವನೂ ಮಗಳೂ ಮಾಡಿದ ದೇವರುಗಳು

ಡೊಂಬಿವಲಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಕಾಲಕ್ಕೆ ಐದು ಭಾಷೆಗಳಿದ್ದವು. ಅತ್ತೆ ಮಾವನದು ತುಳು, ನನ್ನದು ಮೈಸೂರಿನ ಕನ್ನಡ, ಹಾಲಿನವನ ಜೊತೆ ಮರಾಠಿ, ನನ್ನ ಮಗಳ ಬಾಯಲ್ಲಿ ಹಿಂದಿ. ಐದನೆಯದನ್ನು ಮಾವನೂ ಮಗಳೂ ಬಾಲ್ಕನಿಯಲ್ಲಿ ಕೂತು ತಾವೇ ಕಟ್ಟಿಕೊಂಡಿದ್ದರು. ಅದರ ಕೆಲವು ಪದಗಳು ಈಗಲೂ ನನ್ನ ನಾಲಿಗೆಯ ಮೇಲೆ ಬರುತ್ತವೆ.

ಮಗಳಿಗೆ ಆಗ ಹತ್ತು ವರ್ಷ. ಸಮುದ್ರದಡಿಯ ರಾಜ್ಯವೊಂದರ ಕತೆ ಹೆಣೆಯುತ್ತಿದ್ದಳು. ಆ ರಾಜ್ಯಕ್ಕೊಂದು ಭಾಷೆ ಬೇಕಿತ್ತು. "ಮೊದಲು ದೇವರುಗಳನ್ನು ಮಾಡುವ, ಉಳಿದದ್ದು ಆಮೇಲೆ" ಅಂದರು ಮಾವ. ಜೀವಮಾನವೆಲ್ಲ ಮಾಜಿವಾಡಾದಲ್ಲಿ ಹೋಟೆಲ್ ನಡೆಸಿದವರು. ದೇವರೆಂದರೂ ಅವರ ಕಣ್ಣಿಗೆ ಗಿರಾಕಿಯೇ, ಹಾಗಾಗಿ ಉಣ್ಣುವ ರೀತಿ ನೋಡಿ ಹೆಸರಿಟ್ಟರು. ಪರಿಮಳವನ್ನಷ್ಟೇ ಉಣ್ಣುವ ದೇವರು 'ಸಿಯಾಂಬು'. ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ನಿಂತೇ ತಿನ್ನುವ ದೇವರು 'ಗದುಲೋ'. ಎಷ್ಟು ಬಡಿಸಿದರೂ ಮುಖ ಗಂಟಿಕ್ಕಿಕೊಂಡಿರುವ ದೇವತೆ 'ಕಿರಿಂಜೆ'. ಈ ಕೊನೆಯದನ್ನು ಹೇಳುವಾಗ ಇಬ್ಬರೂ ನನ್ನ ಕಡೆ ನೋಡಿ ಕಿಸಕ್ಕೆಂದು ನಗುತ್ತಿದ್ದರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆದೂಗಿದರೆ ಮಾತ್ರ ಅದು ಪದವಾಗುತ್ತಿತ್ತು.

ನನಗೆ ಹೊಟ್ಟೆಕಿಚ್ಚು. ಗಿಳಿಗೆ ಹೇಳಿದ ಹಾಗೆ ಹೇಳಿಕೊಟ್ಟರೂ ನನ್ನ ಕನ್ನಡ ಅವಳ ಬಾಯಿಗೆ ಹತ್ತಲಿಲ್ಲ, ಅಜ್ಜನ ಅಡ್ಡನಾಡಿ ಭಾಷೆ ಹತ್ತಿತು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಮಾತ್ರ ನಾಚಿಕೆ. ಒಮ್ಮೆ ಕಾಮೋಠೆಯ ನೆಂಟರ ಮನೆಯಲ್ಲಿ ಬಾಯಿ ಬಿಟ್ಟಾಗ ಎಲ್ಲರೂ ನಕ್ಕಿದ್ದರು. ಅಂದಿನಿಂದ ಯಾರು ಏನು ಕೇಳಿದರೂ ಹಿಂದಿಯಲ್ಲೇ ಉತ್ತರ.

ಮುಂದಿನ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಬಾಲ್ಕನಿಯ ಗುಸುಗುಸು ನಿಂತಿತು. ಅದನ್ನು ಇಷ್ಟು ಹಂಬಲಿಸುತ್ತೇನೆಂದು ನಾನು ಎಣಿಸಿರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಆ ದಿನ ಹೋದವರಿಗೆ ಎಲೆಯಲ್ಲಿ ಬಡಿಸಿ, ಊಟಕ್ಕೆ ಬಾಯಿಬಿಟ್ಟು ಕರೆದು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವುದು ಗಂಡನ ಮನೆಯ ಪದ್ಧತಿ. ಮೊಮ್ಮಗಳೇ ಕರೆಯಬೇಕೆಂದು ಅತ್ತೆ ಹಟ ಹಿಡಿದರು.

"ನಾನು ಕರೆದ್ರೆ ಅವರು ಎಂತಕ್ಕೆ ಬರ್ತಾರೆ? ಇರುವಾಗ್ಲೇ ನಾಲ್ಕು ಸಲ ಕರೀಬೇಕಿತ್ತು. ಇವಳು ಕರೆದ್ರೆ ಓಡಿ ಬರ್ತಾರೆ."

ಸರಿಯಾಗಿ ಕರೆಯದಿದ್ದರೆ ಮಾವ ಹಸಿದೇ ಹಿಂದಿರುಗುತ್ತಾರೆ ಎಂದು ಅತ್ತೆ ಮನಸಾರೆ ನಂಬಿದ್ದರು. ನನ್ನ ಗಂಡ ಬಡಿಸಿ ಹಿಂದೆ ಸರಿದರು. ಮಗಳು ಕೋಣೆಯ ಹೊಸ್ತಿಲಲ್ಲೇ ನಿಂತಳು.

"ನೀನೂ ಅಜ್ಜನೂ ಕಟ್ಟಿದ ಭಾಷೇಲೇ ಕರಿ ಪುಟ್ಟಿ, ಪರವಾಗಿಲ್ಲ" ಅಂದೆ.

"ನಹೀ ಹೋಗಾ, ಮಮ್ಮಿ. ಅಜ್ಜ ಅಬ್ ಕೌನ್ಸೇ ವಾಲೇ ಭಗವಾನ್ ಹೈ? ಉಸ್‌ಕಾ ವರ್ಡ್ ಹಮ್‌ನೇ ಬನಾಯಾ ಹೀ ನಹೀ."

ತೀರಿಹೋಗಿ ದೇವರಾದ ಅಜ್ಜ ಈಗ ಯಾವ ಬಗೆಯ ದೇವರೋ, ಅದಕ್ಕೆ ಅವರಿಬ್ಬರ ಭಾಷೆಯಲ್ಲಿ ಪದ ಇರಲಿಲ್ಲ. ಒಬ್ಬಳೇ ಮಾಡುವಂತೆಯೂ ಇರಲಿಲ್ಲ. ಎಲೆಯ ಮೇಲಿನ ಅನ್ನ ಆರುತ್ತಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮಗಳು ಒಂದು ಹೆಜ್ಜೆ ಒಳಗಿಟ್ಟಳು. ತಡವರಿಸುತ್ತಾ, ಒಂದೊಂದೇ ಮಾತನ್ನು ಹುಡುಕಿಕೊಂಡು, ಕನ್ನಡದಲ್ಲಿ ಕರೆದಳು.

"ಅಜ್ಜ, ಊಟಕ್ಕೆ ಬನ್ನಿ. ದೇವರು ಆಗಬೇಡಿ. ಅಜ್ಜನೇ ಬನ್ನಿ."

ಬಾಗಿಲು ಎಳೆದುಕೊಳ್ಳಬೇಕಾದ ಅತ್ತೆ ಹೊಸ್ತಿಲ ಬಳಿಯೇ ಕೂತುಬಿಟ್ಟರು. ಬಾಗಿಲನ್ನು ನಾನೇ ಮುಂದೆ ಮಾಡಿದೆ, ಆದರೆ ಪೂರ್ತಿ ಮುಚ್ಚಲು ಕೈ ಬರಲಿಲ್ಲ.