ಭಾವ ತಿವಿಯದ ಈಟಿ

ಅಪ್ಪನಿಗೆ ಸಿನಿಮಾದಲ್ಲಿ ಸಾಯುವ ಪಾತ್ರ ಸಿಕ್ಕಾಗ ಮನೆಯಲ್ಲಿ ಹಬ್ಬವೋ ಹಬ್ಬ. ರಾಜರ ಕಾಲದ ಚಿತ್ರ. ಮಳವಳ್ಳಿ ಹತ್ತಿರದ ನಮ್ಮೂರಿನ ಕೊಯ್ದ ಗದ್ದೆಯಲ್ಲಿ ಯುದ್ಧ. ಅಪ್ಪ ಶತ್ರು ಸೈನಿಕ. ಈಟಿಯಿಂದ ತಿವಿಸಿಕೊಂಡು, ಕ್ಯಾಮೆರಾ ಕಡೆ ಮುಖ ಮಾಡಿ ಬೀಳಬೇಕು. ಕೊಟ್ಟಿಗೆಯಲ್ಲಿ ಹುಲ್ಲು ಹರವಿಕೊಂಡು ಬಿದ್ದು ಬಿದ್ದು ಅಭ್ಯಾಸ ಮಾಡಿದ. ಮಂಡ್ಯದ ಥಿಯೇಟರಿನಲ್ಲಿ ತನ್ನ ಸಾವನ್ನು ತಾನೇ ನೋಡಬೇಕು, ಅದೊಂದೇ ಆಸೆ ಅವನಿಗೆ.

ಸಿನಿಮಾದವರು ಮಾಡಿದ ಎಡವಟ್ಟು ನೆನೆದರೆ ನನಗೆ ಈಗಲೂ ಸಿಟ್ಟು, ನಗು ಒಟ್ಟಿಗೇ ಬರುತ್ತವೆ. ಶತ್ರುಗಳೆಲ್ಲ ನಮ್ಮೂರಿನವರು, ರಾಜನ ಸೈನ್ಯವೆಲ್ಲ ಕಿರುಗಾವಲು ಕಡೆಯವರು. ಹೆಣ್ಣು ಕೊಟ್ಟು ತಂದ ಬೀಗರು. ಅಪ್ಪನನ್ನು ಕೊಲ್ಲಬೇಕಾದವನು ಅವನ ಅಕ್ಕನ ಗಂಡ, ನನ್ನ ಮಾವ.

ಮಾವ ಈಟಿ ಹಿಡಿದು ಓಡಿ ಬಂದ. ಅಪ್ಪ ಬಲು ಚೆನ್ನಾಗಿ ಬಿದ್ದ. ತಕ್ಷಣ ಮಾವ ಈಟಿ ಎಸೆದು, ಅಪ್ಪನ ರಟ್ಟೆ ಹಿಡಿದೆಬ್ಬಿಸಿ ಬೆನ್ನಿನ ಮಣ್ಣು ಕೊಡವಿದ.

"ಎಬ್ಬುಸ್ಬ್ಯಾಡ ಬುಡು ಬಾವ, ನಾನ್ ಸತ್ತೋಗಿವ್ನಿ," ಎಂದ ಅಪ್ಪ.

"ನಿನ್ನ ಸಾಯ್ಸುದ್ರೆ ನಿಮ್ಮಕ್ಕ ನಂಗೆ ಮುದ್ದೆ ಇಕ್ತಾಳೇನ್ಲಾ?"

ಎಷ್ಟು ಸಲ ತೆಗೆದರೂ ಅಷ್ಟೇ. ಸುತ್ತಲೂ ಕತ್ತಿ ಹಿಡಿದವರು ಎದುರು ಸಿಕ್ಕ ಬೀಗರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮೊದಲೇ ಆ ಚಿತ್ರಕ್ಕೆ ನೂರೆಂಟು ವಿಘ್ನ: ಕುದುರೆಗಳು ಬಂದಿರಲಿಲ್ಲ, ರಾಜನಿಗೂ ನಿರ್ದೇಶಕರಿಗೂ ಮಾತಿರಲಿಲ್ಲ. ನಾಳೆ ಬರುತ್ತೇವೆಂದು ಹೋದವರು ಇವತ್ತಿಗೂ ಬಂದಿಲ್ಲ. ಚಿತ್ರ ನಿಂತೇಹೋಯಿತು. ಅಪ್ಪ ಬಹಳ ದಿನ ಮಂಕಾಗಿದ್ದ.

ಈ ಸಲ ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬಾಡೂಟಕ್ಕೆ ಮಾವ ಬಂದಿದ್ದ. ಇಬ್ಬರ ತಲೆಯೂ ಪೂರ್ತಿ ನರೆತಿದೆ. ಉಂಡು ಕೈತೊಳೆದ ಮಾವ ಅಂಗಳದಲ್ಲಿದ್ದ ಕಬ್ಬಿನ ಜಲ್ಲೆಯೊಂದನ್ನು ಎತ್ತಿಕೊಂಡು, "ಬಾರ್ಲಾ, ಅವತ್ತಿನ್ ಕೆಲ್ಸ ಮುಗ್ಸುಬುಡಾನ," ಎಂದ.

ನಾನು ಮೊಬೈಲ್ ಹಿಡಿದೆ. ಮಾವ ಕಣ್ಣು ಮುಚ್ಚಿಕೊಂಡು ತಿವಿದ. ಅಪ್ಪ ಮಂಡಿನೋವಿಗೆ ಹೆದರಿ ನಿಧಾನವಾಗಿ, ಆದರೂ ನನ್ನ ಕಡೆಗೇ ಮುಖ ಮಾಡಿ ಬಿದ್ದ. ಎಬ್ಬಿಸಲು ಮುಂದೆ ಬಂದ ಕೈಗಳನ್ನು ಮಾವ ಬೆನ್ನ ಹಿಂದೆ ಕಟ್ಟಿಕೊಂಡ. ನಾನು ಸಾಕು ಎಂದ ಮೇಲೆಯೇ ಅವನು ಅಪ್ಪನನ್ನು ಮುಟ್ಟಿದ್ದು.

ತನ್ನ ಸಾವನ್ನು ನೋಡಿ ಅಪ್ಪ ಹಿಗ್ಗಿ ಹೀರೇಕಾಯಿಯಾದ. ಇನ್ನೊಂದ್ಸಲ ಹಾಕು, ಇನ್ನೊಂದ್ಸಲ ಹಾಕು ಎಂದು ನನ್ನ ಜೀವ ತಿಂದ. ಆಮೇಲೆ ಮೊಬೈಲ್ ಕಸಿದುಕೊಂಡು ಅಮ್ಮನಿಗೆ ತೋರಿಸಲು ಹೋದ. ಅಮ್ಮ ಅದರತ್ತ ತಿರುಗಿಯೂ ನೋಡಲಿಲ್ಲ. ಸೆರಗಿನಿಂದ ಅವನ ಬೆನ್ನಿನ ಮಣ್ಣು ಒರೆಸುತ್ತ, "ಒಂದ್ಸಲ ಸತ್ತಿದ್ದಾಯ್ತಲ್ಲ, ಇನ್ ಸಾಕ್ ಬುಡಿ," ಎಂದಳು.