ಅಣೆಕಟ್ಟು ಯಾರ ಮಾತು?

ಮೊನ್ನೆ ದಾವಣಗೆರೆಯ ಸ್ಟೇಷನರಿ ಅಂಗಡಿಯೊಂದರಲ್ಲಿ, ಒತ್ತಿದರೆ ಠಣ್ ಎನ್ನುವ ಮೇಜುಗಂಟೆಯೊಂದನ್ನು ಕಂಡೆ. ಒತ್ತಲಿಲ್ಲ. ಆ ಸದ್ದು ಇನ್ನೂ ಕಿವಿಯಲ್ಲೇ ಇತ್ತು... ಹರಿಹರದಲ್ಲಿ ಇತಿಹಾಸದ ಮೇಷ್ಟ್ರೊಬ್ಬರು ನನ್ನ ಬಾಯಿ ಮುಚ್ಚಿಸಿದ್ದು ಅಂಥದೇ ಗಂಟೆಯಿಂದ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಹರಿಹರದ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ. ‘ನಮ್ಮ ನದಿ ನೀರಾವರಿ ವಿದೇಶಿಯರ ಕೊಡುಗೆ’ ಎಂಬುದು ವಿಷಯ. ಮೇಷ್ಟ್ರು ತೀರ್ಪುಗಾರರು. ನಾನು ವಿರೋಧಿಸಿ ಮಾತಾಡಿದೆ. ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮವರು ತುಂಗಭದ್ರೆಗೆ ಕಲ್ಲಿನ ಕಟ್ಟೆ ಹಾಕಿ ಕಾಲುವೆ ತೆಗೆದಿದ್ದರು. ಬಿಳಿಯ ಎಂಜಿನಿಯರುಗಳು ಇಲ್ಲಿಯ ಹಳೆಯ ಕಟ್ಟೆಗಳನ್ನು ನೋಡಿ ಕಲಿತರು, ಕಡೆಗೆ ಅಣೆಕಟ್ಟೆಂಬ ಮಾತನ್ನೂ ‘ಆನಿಕಟ್’ ಮಾಡಿಕೊಂಡು ಒಯ್ದರು ಎಂದೆ.

ಠಣ್! ನನ್ನ ಸಮಯ ಇನ್ನೂ ಮುಗಿದಿರಲಿಲ್ಲ.

“ಏನವ್ವಾ, ಆನಿಕಟ್ ಇಂಗ್ಲಿಷ್ ಮಾತು. ಕಟ್ ಅಂದ್ರೆ ನೀರು ಕಟ್ ಮಾಡೋದು! ಅದನ್ನೇ ನಮ್ಮ ಮಂದಿ ಅಣೆಕಟ್ಟು ಅಂದ್ರು. ನೀ ಉಲ್ಟಾ ಹೇಳ್ತೀಯಲ್ಲ!”

ಸಭೆಯೆಲ್ಲ ನಕ್ಕಿತು. ಬಹುಮಾನ ಭಾನುವಳ್ಳಿಯ ಹುಡುಗನೊಬ್ಬನ ಪಾಲಾಯಿತು. ಹೋಗಲಿ. ನನಗೆ ಬೇಕಾದದ್ದು ಬೇರೆ: ಅದೇ ಸಭೆಯ ಎದುರು ಅವರು ‘ತಪ್ಪಾಯಿತು’ ಎನ್ನಬೇಕು.

ಲೈಬ್ರರಿಯ ದಪ್ಪ ಇಂಗ್ಲಿಷ್ ನಿಘಂಟನ್ನು ಹೊತ್ತು, ಬಸ್ಸು ಹತ್ತಿ ಅವರ ಮನೆಗೇ ಹೋದೆ. ಮೇಷ್ಟ್ರು ಕನ್ನಡಕ ಏರಿಸಿ ‘ಆನಿಕಟ್’ ಇದ್ದ ಪುಟ ಓದಿದರು.

“ತಮಿಳಿಂದ ಬಂತು ಅಂತ ಐತಿಲ್ಲಿ. ಕನ್ನಡ ಎಲ್ಲೈತೆ, ತೋರ್ಸು?”

“ಇಂಗ್ಲಿಷ್ ಅಲ್ಲ ಅಂತಾದ್ರೂ ಆತಲ್ಲ ಸರ್. ತಮಿಳು, ಕನ್ನಡ ಅಕ್ಕ-ತಂಗೇರು. ನೀವೊಬ್ರೇ ಬಿಳಿಯರ ಕಡೆಯೋರು.”

“ಬಾಯಿ ಜೋರೈತೆ ನಿಂದು. ಚಾ ಕುಡಿ. ಮುಂದಿನ ವರ್ಷ ಸ್ಟೇಜ್ ಮ್ಯಾಲೇ ಹೇಳ್ತೀನಿ, ತಗೊ.”

ಹೇಳಿದರು! ಮರುವರ್ಷ ಅದೇ ವೇದಿಕೆಯಲ್ಲಿ ಶಾಲು ಹೊದ್ದು ನಿಂತು, “ಬಿಳಿಯರು ನಮ್ಮ ಅಣೆಕಟ್ಟಿನ ಹೆಸರನ್ನೂ ಬಿಡಲಿಲ್ಲ, ಇದು ನಾನು ಹುಡುಕಿ ತೆಗೆದ ಸತ್ಯ” ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ನಿಂತೆ.

ಠಣ್! “ಪ್ರಶ್ನೆ ಎಲ್ಲ ಆಮೇಲೆ. ಕೂಡ್ರವ್ವಾ.”

ಆ ‘ಆಮೇಲೆ’ ಬರಲೇ ಇಲ್ಲ... ಮದುವೆ ಮನೆಗಳಲ್ಲಿ ಎದುರಾದಾಗ ಊಟದ ಪಂಕ್ತಿಯಲ್ಲೇ ಕೇಳಿಬಿಡೋಣವೆಂದು ಹತ್ತಿರ ಹೋಗುತ್ತಿದ್ದೆ. ಮೇಷ್ಟ್ರು ಪಂಕ್ತಿ ಬದಲಿಸುತ್ತಿದ್ದರು.

ಕಳೆದ ವಾರ ತೀರಿಕೊಂಡರು. ನಿನ್ನೆಯ ಶ್ರದ್ಧಾಂಜಲಿ ಸಭೆಯಲ್ಲಿ ಶಿಷ್ಯನೊಬ್ಬ ‘ಅಣೆಕಟ್ಟಿನ ಮೂಲ ಹುಡುಕಿದವರು’ ಎಂದು ಅವರನ್ನು ಹೊಗಳಿದ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹೆಂಗಸು, “ಅಳಬ್ಯಾಡವ್ವಾ, ದೊಡ್ಡ ಮನುಷ್ಯರು” ಎಂದು ಬೆನ್ನು ಸವರಿದರು. ನನಗೆ ಅಳು ಬಂದದ್ದು ಸಿಟ್ಟಿಗೆ. ತಪ್ಪಾಯಿತು ಎನ್ನಬೇಕಿದ್ದ ಬಾಯಿಯೇ ಹೋಯಿತು. ಇನ್ನು ಯಾರ ಹತ್ತಿರ ಜಗಳವಾಡಲಿ?