ನೀಲಿ ಮೀನಿನ ಬಾಂದು ಕಲ್ಲು

ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. ಒಂದಲ್ಲ, ಎರಡು ಸಲ ಹೇಳಿದರು. ಮೊದಲನೆಯದು, ಪಿಯುಸಿ ಆದ ಮೇಲೆ ನನಗೆ ಮೀನುಗಾರಿಕೆ ಪದವಿಗೆ ಸೀಟು ಸಿಕ್ಕಾಗ. "ಲಿಂಗ ಕಟ್ಕಂಡಿರೋ ಮನೆ ಕಣವ್ವ ನಮ್ದು. ಮೀನು ಮುಟ್ಟಿ ಓದೋದು ನಿನ್ ಕೈಲಾಗಲ್ಲ, ವಾರಕ್ಕೇ ವಾಪಸ್ ಬತ್ತೀಯ" ಅಂದಿದ್ದರು. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಪಿಯುಸಿ ದಾಟಿದವರಿಲ್ಲ. ಬೇರೆ ಸೀಟಿಗೆ ಕಾಯುವ ಧೈರ್ಯವಾಗದೆ ಕರಾವಳಿಯ ಕಾಲೇಜಿಗೆ ಸೇರಿದೆ. ಮೀನು ಕೊಯ್ದ ಕೈಯಲ್ಲಿ ಅನ್ನ ಕಲೆಸಲಾಗದೆ ಕೆಲವು ಕಾಲ ಚಮಚದಲ್ಲಿ ಉಂಡೆ. ಆಮೇಲೆ ಕೈಯಲ್ಲೇ ಉಂಡೆ.

ಎರಡನೆಯದು ಕೊನೆಯ ವರ್ಷ. ಉಪ್ಪುನೀರಿನ ತೊಟ್ಟಿಯಲ್ಲಿ ನೆಲೆಯೂರಿದ ಮೀನು, ಹೊಸದಾಗಿ ಬಂದ ಮೀನಿನ ಮೇಲೆ ಬೀಳುವುದನ್ನು ತಡೆಯುವುದು ಹೇಗೆ ಎಂಬುದು ನನ್ನ ಪ್ರಾಜೆಕ್ಟ್. ಎರಡೂ ಒಟ್ಟಿಗೆ ಬದುಕಿದ್ದನ್ನು ತೋರಿಸಲಾಗದಿದ್ದರೆ ಮುಂದಿನ ಬ್ಯಾಚಿನವರ ಜೊತೆ ಮತ್ತೆ ಮಾಡಬೇಕು. ಇನ್ನೊಂದು ವರ್ಷ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಅಜ್ಜಂಪುರದಲ್ಲಿ ದೊಡ್ಡಪ್ಪನದು ಜವಳಿ ಅಂಗಡಿ. ವಾಸ್ತುವಿಗೆಂದು ತಂದಿದ್ದ ಗಾಜಿನ ತೊಟ್ಟಿಯೊಂದು ಅಲ್ಲಿತ್ತು. ಒಳಗಿನ ಗೋಲ್ಡ್ ಫಿಶ್ ಸತ್ತ ಮೇಲೆ ಅದಕ್ಕೆ ರವಿಕೆ ಪೀಸು ತುಂಬಿದ್ದರು. ಕಾಲೇಜಿನ ತೊಟ್ಟಿಗಳು ಸಾಲದೆ ನಮ್ಮ ನಮ್ಮ ಊರಲ್ಲೇ ಮಾಡಲು ಹೇಳಿದ್ದರಿಂದ ಅದನ್ನು ಕೇಳಿದೆ. ಸಮುದ್ರದ ಮೀನು ಅಜ್ಜಂಪುರದಲ್ಲಿ ಬದುಕುವುದು ಆಗುವ ಮಾತಲ್ಲ ಅಂದರು. ಆದರೂ ರವಿಕೆ ಪೀಸು ತೆಗೆಸಿ ತೊಟ್ಟಿಯನ್ನು ಅಂಗಡಿಯಲ್ಲೇ ಬಿಟ್ಟುಕೊಟ್ಟರು.

ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ಹೊತ್ತು, ಅಕ್ವೇರಿಯಂ ಉಪ್ಪು ಕಲೆಸಿ, ಕಲ್ಲು ಜೋಡಿಸಿ, ನೀರು ಹದಕ್ಕೆ ಬಂದ ಮೇಲೆ ಒಂದು ನೀಲಿ ಡ್ಯಾಮ್ಸೆಲ್ ಬಿಟ್ಟೆ. ಹೆಬ್ಬೆಟ್ಟಿನಷ್ಟು ಮೀನು. ಎಡಮೂಲೆಯ ಕಲ್ಲಿನ ಸಂದನ್ನು ತನ್ನದು ಮಾಡಿಕೊಂಡಿತು; ಗಾಜು ಒರೆಸಲು ಕೈ ಹಾಕಿದರೆ ಬೆರಳಿಗೇ ಕುಟುಕುತ್ತಿತ್ತು. ಅದು ನೆಲೆಯೂರಿದ ಮೇಲೆ ಕಿತ್ತಳೆ ಬಣ್ಣದ ಕ್ಲೌನ್ ಮೀನೊಂದನ್ನು ತಂದೆ. ಥರ್ಮೊಕೋಲ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಘಾಟಿ ಹತ್ತಿ, ಕಡೂರಿನಲ್ಲಿ ಬಸ್ ಬದಲಿಸಿದೆ. ಕಂಡಕ್ಟರ್ ಪೆಟ್ಟಿಗೆ ನೋಡಿ, "ಉಣ್ಣಾದಾ, ಸಾಕಾದಾ?" ಎಂದು ಕೇಳಿದ.

ಬೇಕರಿಯ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ಹೊಸ ಮೀನನ್ನು ಅದರೊಳಗೆ ಹಾಕಿ, ತೊಟ್ಟಿಯಲ್ಲೇ ತೂಗುಬಿಟ್ಟೆ. ಒಂದನ್ನೊಂದು ನೋಡಬಹುದು, ಕಚ್ಚಲಾಗದು. ನೀಲಿಯದು ಡಬ್ಬಿಗೆ ಬಂದು ಬಂದು ಗುದ್ದುತ್ತಿತ್ತು. ದೊಡ್ಡಪ್ಪ ಗಲ್ಲಾದಿಂದಲೇ ನೋಡಿ, "ಆ ಮೂಲೆ ತನ್ ಹೆಸರಿಗೆ ಖಾತೆ ಮಾಡಿಸ್ಕಂಡವ್ನೆ ಅವ್ನು. ಹೊಸಬನಿಗೆ ಪಾಲು ಕೊಡ್ತಾನಾ?" ಅಂದರು. ಗುದ್ದುವುದು ನಿಂತ ಮೇಲೆ ದೀಪ ಆರಿಸಿ ಹೊಸದನ್ನು ಬಿಟ್ಟೆ. ನೀಲಿಯದು ಒಂದೆರಡು ಸಲ ಅಟ್ಟಿಸಿ ಸುಮ್ಮನಾಯಿತು. ಅಂಗಡಿಯ ಫ್ರಿಜ್ಜಿನಲ್ಲಿ ಮೀನಿಗೆಂದು ಸಿಗಡಿಯ ಚೂರುಗಳ ಪೊಟ್ಟಣವಿಟ್ಟೆ. ದಿನವೂ ಹಾಕಲು ದೊಡ್ಡಪ್ಪನಿಗೆ ಹೇಳಿ ಕಾಲೇಜಿಗೆ ಹೋದೆ.

ವಾಪಸ್ ಬಂದಾಗ ನೀರಿನ ಮೇಲೆ ಮಂಡಕ್ಕಿ ತೇಲುತ್ತಿತ್ತು. ಹೊಸ ಮೀನು ಬಾಲ ಹರಿದುಕೊಂಡು ಪಂಪಿನ ಹಿಂದೆ ಅಡಗಿತ್ತು. ಫ್ರಿಜ್ಜಿನಲ್ಲಿ ಪೊಟ್ಟಣವಿರಲಿಲ್ಲ.

"ಜವಳಿಗೆ ಬಂದೋರಿಗೆ ಕೊಡೋ ಮಜ್ಜಿಗೆ ಪಕ್ಕ ಸಿಗಡಿ ಇಡಕ್ಕಾಗುತ್ತೇನವ್ವ? ಎಸ್ದೆ. ಹೊಳೆ ಮೀನು ಮಂಡಕ್ಕಿ ತಿಂತಾವೆ, ಇವಕ್ಕೇನು ಬಂತು?" ಅಂದರು ದೊಡ್ಡಪ್ಪ.

"ಹಸಿದಿರೋದು ಕಚ್ಚುತ್ತೆ ದೊಡ್ಡಪ್ಪ. ಇದು ಸತ್ರೆ ಈ ವರ್ಷ ನನಗೆ ಡಿಗ್ರಿ ಇಲ್ಲ" ಅಂದೆ.

ಅವರು ಬಟ್ಟೆ ಅಳೆಯಲು ಹೋದರು. ನಾನು ಕೆಟ್ಟ ನೀರು ಬದಲಿಸಿದೆ. ಈ ಸಲ ಡಬ್ಬಿಗೆ ಹಾಕಿದ್ದು ನೀಲಿ ಮೀನನ್ನು. ಹೊಸದಕ್ಕೆ ಇಡೀ ತೊಟ್ಟಿ ಬಿಟ್ಟುಕೊಟ್ಟು, ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸತೊಡಗಿದೆ. ದೊಡ್ಡಪ್ಪ ಹಿಂದೆ ಬಂದು ನಿಂತಿದ್ದರು. ಇದ್ದವನನ್ನೇ ಒಳಗೆ ಹಾಕಿದ್ದು ಯಾವ ನ್ಯಾಯ ಎಂದು ಕೇಳಿದರು. ಹೊರಗೆ ಬಂದಾಗ ಅದಕ್ಕೆ ತನ್ನ ಜಾಗದ ಗುರುತು ಸಿಗಬಾರದು, ಅದೂ ಹೊಸಬನ ಹಾಗೇ ಹುಡುಕಿಕೊಳ್ಳಬೇಕು ಎಂದೆ.

"ಬಾಂದು ಕಲ್ಲು ಕಿತ್ತಾಕ್ದೆ ಅನ್ನು" ಅಂದರು. ಅಂತರಘಟ್ಟೆ ದಾರಿಯ ಹೊಲದ ಗಡಿಯ ಬಾಂದು ಕಲ್ಲು ಸರಿಸಿ ಒತ್ತುವರಿ ಮಾಡಿದ್ದಾರೆ ಎಂದು ತರೀಕೆರೆ ಕೋರ್ಟಿಗೆ ವರ್ಷಗಟ್ಟಲೆ ಅಲೆದವರು ಅವರು. ಗಡಿ ಜಗಳದ ವಿಷಯ ಅವರಿಗೆ ನನ್ನ ಪುಸ್ತಕಗಳಿಗಿಂತ ಚೆನ್ನಾಗಿ ತಿಳಿದಿತ್ತು.

ಸಂಜೆ ತರೀಕೆರೆಯಿಂದ ಸಿಗಡಿ ತಂದೆ. ಅವರೇ ಸ್ಟೀಲ್ ಡಬ್ಬಿ ಕೊಟ್ಟು, ಇದರಲ್ಲಿಟ್ಟು ಮುಚ್ಚು, ಮಜ್ಜಿಗೆ ಮನೆಯಲ್ಲಿರಲಿ ಅಂದರು. ಹೊಸದರ ಬಾಲ ಚಿಗುರತೊಡಗಿದ ಮೇಲೆ, ಎರಡಕ್ಕೂ ಹೊಟ್ಟೆತುಂಬ ಹಾಕಿ, ನೀಲಿಯದನ್ನು ಬಿಟ್ಟೆ. ಹಳೆಯ ಮೂಲೆಗೆ ಹೋಯಿತು. ಅಲ್ಲಿ ಕಲ್ಲಿರಲಿಲ್ಲ. ಹೊಸದರ ಹತ್ತಿರ ಬಂತು, ಒಮ್ಮೆ ಅಟ್ಟಿಸಿತು, ಬಿಟ್ಟಿತು. ಕೊನೆಗೆ ಬಲಗಡೆ ಸಂದು ಹಿಡಿಯಿತು. ಮತ್ತೆ ನಾನು ಕಾಲೇಜಿಗೆ ಹೋದಾಗ ದೊಡ್ಡಪ್ಪ ಮುಖ ಆ ಕಡೆ ತಿರುಗಿಸಿ ಚಿಮಟದಲ್ಲಿ ಸಿಗಡಿ ಹಾಕುತ್ತಿದ್ದಾರೆಂದು ದೊಡ್ಡಮ್ಮ ಫೋನಿನಲ್ಲಿ ಹೇಳಿ ನಕ್ಕರು.

ಪ್ರಾಜೆಕ್ಟ್ ಒಪ್ಪಿಗೆಯಾಯಿತು. ಪದವಿ ಪತ್ರ ಸಿಕ್ಕ ಮೇಲೆ ಅಪ್ಪ ಅಮ್ಮನಿಗೆ ತೋರಿಸಿ, ನೇರ ಅಂಗಡಿಗೆ ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನನ್ನ ಹೆಸರು ಎಲ್ಲಿದೆ ಎಂದು ಹುಡುಕಿ, ಅದರ ಕೆಳಗೆ ಬೆರಳಾಡಿಸಿದರು. ತೊಟ್ಟಿಯಿಂದ ನೀರು ಸಿಡಿಯುತ್ತದೆಂದು ಪತ್ರವನ್ನು ಗಲ್ಲಾದ ಆಚೆ ಬದಿಗೆ ಇಟ್ಟರು.

"ಸಿಗಡಿ ಮುಗೀತಾ ಬಂತು ಕಣವ್ವ," ಅಂದರು. "ನಾಳೆ ತರೀಕೆರೆಗೆ ಹೋದ್ರೆ ತಗಂಬಾ."